ಗಾಡಿ ಎಡಕ್ಕೆ ಎಳೆದರೆ ತಪ್ಪು ಸ್ಟೀರಿಂಗಿನದೇ?



ಜೀವಮಾನವಿಡೀ ಗಣಿತ ಕಲಿಸಿದ ಮಾಸ್ತರನು ಮುದಿವಯಸ್ಸಿನಲ್ಲಿ ಮೋಟಾರು ಗಾಡಿಯ ವಿಷಯ ಬರೆಯಹೊರಟಿದ್ದಾನಲ್ಲ ಎಂದು ನಿಮ್ಮಲ್ಲಿ ಕೆಲವರು ನಗಬಹುದು. ನಗಿರಿ, ಅಡ್ಡಿಯಿಲ್ಲ. ಆದರೆ ಕಡೆಯವರೆಗೆ ಓದಿರಿ. ಇದರಲ್ಲಿ ಹದಿನಾಲ್ಕು ಹೆಣ್ಣುಮಕ್ಕಳ ಜೀವದ ಪ್ರಶ್ನೆಯಿದೆ.

ಕಳೆದ ಹತ್ತಿ ಬಿಡಿಸುವ ಸುಗ್ಗಿಯಲ್ಲಿ ಒಂದು ಸಂಜೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದ. ಅಬ್ಬೆತುಮಕೂರಿನ ಸೀಮೆಯಲ್ಲಿ ಅವನಿಗೆ ಎಂಟು ಎಕರೆ ಎರೆ ಹೊಲವಿದೆ. ಹತ್ತಿ, ತೊಗರಿ ಬೆಳೆಯುತ್ತಾನೆ. ಮಳೆಗಾಲದಲ್ಲಿ ಆ ಹೊಲಕ್ಕೆ ಹೋಗುವ ದಾರಿ ಹೇಗಿರುತ್ತದೆಂಬುದು ನಿಮಗೆ ಗೊತ್ತೇ ಇದೆ. ಎರೆಮಣ್ಣು ಒಮ್ಮೆ ನೆನೆದರೆ ಕಾಲಿನ ಚಪ್ಪಲಿಯನ್ನೂ ಬಿಡುವುದಿಲ್ಲ. ಅದಕ್ಕಾಗಿ ಅವನು ನಾಲ್ಕು ಚಕ್ರಗಳಿಗೂ ಎಂಜಿನ್ನಿನ ಬಲ ಹಾಯುವ ಹಳೆಯ ಪಿಕಪ್ ಒಂದನ್ನು ಕೊಂಡಿದ್ದ. ಕೊಂಡ ಮೇಲೆ ಯಾರದೋ ಮಾತು ಕೇಳಿ ಅದನ್ನು ಎತ್ತರಿಸಿದ್ದ. ಅಂದರೆ ಮುಂದಿನ, ಹಿಂದಿನ ಕಮಾನುಗಳಿಗೆ ಒಂದೊಂದು ಹೆಚ್ಚಿನ ಪಾಟಾ ಸೇರಿಸಿ, ಕಮಾನಿನ ತುದಿಯ ಶಾಕಲ್‌ಗಳನ್ನು ಉದ್ದ ಮಾಡಿಸಿದ್ದ.

"ಸರ್ರ, ಗಾಡಿ ಎಡಕ್ಕ ಎಳೀಲಾಕತ್ತದ್ರಿ. ಮೂರು ಕಡಿ ತೋರಿಸಿದೆ, ಯಾರಿಗೂ ತಿಳೀವಲ್ದು" ಎಂದ.

ಒಬ್ಬರು ಟೈ ರಾಡಿನ ತುದಿಗಳನ್ನು ಬದಲಿಸಿದ್ದರು. ಇನ್ನೊಬ್ಬರು ಎರಡು ಸಲ ಅಲೈನ್‌ಮೆಂಟ್ ಮಾಡಿದ್ದರು. ಮೂರನೆಯವರು ಸ್ಟೀರಿಂಗ್ ಬಾಕ್ಸನ್ನೇ ಬದಲಿಸಬೇಕೆಂದಿದ್ದರು. ಹಣ ನೀರಿನಂತೆ ಹರಿದಿತ್ತು, ಎಳೆತ ಮಾತ್ರ ಹಾಗೆಯೇ ಉಳಿದಿತ್ತು. ಅದಕ್ಕೂ ಹಿಂದಿನ ದಿನ ಹತ್ತಿ ಬಿಡಿಸಲು ಹದಿನಾಲ್ಕು ಮಂದಿ ಹೆಣ್ಣುಮಕ್ಕಳನ್ನು ಹಿಂದೆ ಕೂರಿಸಿಕೊಂಡು ಹೋಗುತ್ತಿದ್ದಾಗ, ಗೇರು ಬದಲಿಸಲು ಒಂದು ಕೈ ತೆಗೆದ ಕ್ಷಣದಲ್ಲಿ ಗಾಡಿ ಡಾಂಬರು ಬಿಟ್ಟು ಬದಿಯ ಮಣ್ಣಿಗೆ ಇಳಿಯಿತಂತೆ. ಮುಂದೆ ನಾಲ್ಕು ಮಾರು ದೂರದಲ್ಲಿ ಕಾಲುವೆಯ ತಿರುವು. ಹೇಳುವಾಗ ಅವನ ಧ್ವನಿ ನಡುಗುತ್ತಿತ್ತು.

ನಾನು ಮೆಕ್ಯಾನಿಕ್ ಅಲ್ಲ. ಆದರೆ ಲೆಕ್ಕ ಬಿಡಿಸುವ ಕ್ರಮ ನನಗೆ ಗೊತ್ತು. ಮೊದಲು ಕೊಟ್ಟಿರುವುದೇನು ಎಂದು ಬರೆದುಕೊಳ್ಳಬೇಕು. ಬಳಿಕ ಸುಲಭವಾದದ್ದನ್ನು, ಖರ್ಚಿಲ್ಲದ್ದನ್ನು ಮೊದಲು ಪರೀಕ್ಷಿಸಬೇಕು. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಮರುದಿನ ಬೆಳಿಗ್ಗೆ ಬರಲು ಹೇಳಿ, ಒಂದು ನೋಟುಪುಸ್ತಕ, ಸೀಮೆಸುಣ್ಣ, ಅಳತೆ ಟೇಪು ಮತ್ತು ಗೌಂಡಿಯ ತೂಗುಗುಂಡು ಸಿದ್ಧಮಾಡಿಕೊಂಡೆ.

ಮೊದಲನೆಯ ಪ್ರಶ್ನೆ ರಸ್ತೆಯದು. ಮಳೆನೀರು ಹರಿದುಹೋಗಲೆಂದು ರಸ್ತೆಯನ್ನು ನಡುವೆ ಉಬ್ಬಿಸಿ ಬದಿಗಳಿಗೆ ಇಳಿಜಾರಾಗಿ ಕಟ್ಟಿರುತ್ತಾರೆ. ನಾವು ಎಡಗಡೆ ಓಡಿಸುವವರಾದ್ದರಿಂದ ಎಲ್ಲ ಗಾಡಿಗಳೂ ಅಷ್ಟಿಷ್ಟು ಎಡಕ್ಕೆ ಸರಿಯುತ್ತವೆ. ಅದು ರೋಗವಲ್ಲ. ಆದ್ದರಿಂದ ಜನಸಂಚಾರವಿಲ್ಲದ ಸಮತಟ್ಟು ಜಾಗದಲ್ಲಿ ನಿಧಾನವಾಗಿ ಎರಡೂ ದಿಕ್ಕಿಗೆ ಓಡಿಸಿ ನೋಡಿದೆವು. ಎರಡು ದಿಕ್ಕಿನಲ್ಲೂ ಎಡಕ್ಕೇ ಎಳೆಯಿತು. ತಪ್ಪು ಗಾಡಿಯದೇ ಎಂದು ಗೊತ್ತಾಯಿತು.

ಎರಡನೆಯದು ಟೈರು. ಗಾಳಿ ಅಳೆಸಿದೆವು, ಸರಿಯಿತ್ತು. ಮುಂದಿನ ಎರಡು ಚಕ್ರಗಳನ್ನು ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಹಾಕಿ ಓಡಿಸಿದೆವು. ಎಳೆತ ಬಲಕ್ಕೆ ತಿರುಗಿದ್ದರೆ ದೋಷ ಟೈರಿನದೆಂದು ಅಲ್ಲಿಗೇ ಲೆಕ್ಕ ಮುಗಿಯುತ್ತಿತ್ತು. ತಿರುಗಲಿಲ್ಲ.

ಮೂರನೆಯದು ಬ್ರೇಕು. ಒಂದು ಕಡೆಯ ಬ್ರೇಕು ಹಿಡಿದುಕೊಂಡೇ ಇದ್ದರೆ ಆ ಚಕ್ರವು ಹೆಚ್ಚು ಬಿಸಿಯಾಗುತ್ತದೆ, ಗಾಡಿ ಆ ಕಡೆಗೆ ಎಳೆಯುತ್ತದೆ. ಹತ್ತು ನಿಮಿಷ ಓಡಿಸಿ, ಬ್ರೇಕು ತುಳಿಯದೆ ಗಾಡಿ ತಾನಾಗಿಯೇ ನಿಲ್ಲುವಂತೆ ಬಿಟ್ಟು, ಚಕ್ರಗಳ ಹತ್ತಿರ ಅಂಗೈ ಒಡ್ಡಿ ನೋಡಿದೆವು. ಕಾದ ಲೋಹವನ್ನು ಮುಟ್ಟಬಾರದು, ಬಳಿಯಲ್ಲಿ ಹಿಡಿದರೆ ಸಾಕು. ನಾಲ್ಕೂ ಒಂದೇ ಸಮ.

ನಾಲ್ಕು ಚಕ್ರಗಳ ಲಿವರು ಡಾಂಬರು ರಸ್ತೆಯಲ್ಲಿಯೂ ಹಾಕಿದಂತೆಯೇ ಇರುವುದೇನೋ ಎಂದು ಕೇಳಿದೆ. ಒಣರಸ್ತೆಯಲ್ಲಿ ಹಾಗಿದ್ದರೆ ತಿರುವಿನಲ್ಲಿ ಮುಂದಿನ ಮತ್ತು ಹಿಂದಿನ ಚಕ್ರಗಳು ಒಂದಕ್ಕೊಂದು ಜಗ್ಗಾಡಿ ಸ್ಟೀರಿಂಗು ಬಿಗಿಯುತ್ತದೆ. ಅದೂ ಅಲ್ಲ. ಕಿಂಗ್ ಪಿನ್ ಬಿಗಿಯಾಗಿದ್ದರೆ ಎಡಕ್ಕೆ ತಿರುಗಿದ ಮೇಲೆ ಎಡಕ್ಕೂ, ಬಲಕ್ಕೆ ತಿರುಗಿದ ಮೇಲೆ ಬಲಕ್ಕೂ ಎಳೆಯುತ್ತದೆ. ಇವನ ಗಾಡಿ ಯಾವಾಗಲೂ ಎಡಕ್ಕೇ.

ಇಲ್ಲಿ ಎತ್ತರಿಸಿದ ಗಾಡಿಯ ವಿಷಯಕ್ಕೆ ಬರೋಣ. ಸೈಕಲ್ಲಿನ ಮುಂದಿನ ಫೋರ್ಕು ನೆಟ್ಟಗಿರದೆ ಓರೆಯಾಗಿರುವುದನ್ನು ನೀವು ನೋಡಿದ್ದೀರಿ. ಆ ಓರೆಯಿಂದಲೇ ಚಕ್ರವು ತಾನಾಗಿ ನೇರ ದಾರಿಗೆ ಮರಳುತ್ತದೆ. ನಿಮ್ಮಲ್ಲಿ ಕೆಲವರು ಕೈಬಿಟ್ಟು ಸೈಕಲ್ ಹೊಡೆದು ನನ್ನಿಂದ ಬೈಸಿಕೊಂಡದ್ದೂ ಅದರ ಬಲದಿಂದಲೇ. ಮೋಟಾರು ಗಾಡಿಯಲ್ಲಿ ಈ ಓರೆಗೆ ಕ್ಯಾಸ್ಟರ್ ಎನ್ನುತ್ತಾರೆ. ಶಾಕಲ್ ಉದ್ದವಾದರೆ ಅಚ್ಚು ವಾಲಿ ಕ್ಯಾಸ್ಟರ್ ಕೋನ ಬದಲಾಗುತ್ತದೆ. ಅದು ಎರಡೂ ಕಡೆ ಸಮನಾಗಿ ಕುಗ್ಗಿದರೆ ಗಾಡಿ ಅತ್ತಿತ್ತ ಅಲೆಯುತ್ತದೆಯೇ ಹೊರತು ಒಂದೇ ಕಡೆಗೆ ಎಳೆಯುವುದಿಲ್ಲ. ಎಡಬಲಗಳ ನಡುವೆ ವ್ಯತ್ಯಾಸವಿದ್ದರೆ ಮಾತ್ರ ಕಡಿಮೆಯಿರುವ ಕಡೆಗೆ ಎಳೆತ. ಗಾಡಿ ಎತ್ತರವಾದಾಗ ಡ್ರ್ಯಾಗ್ ಲಿಂಕ್ ಕಡಿದಾಗಿ, ತಗ್ಗುದಿಣ್ಣೆಗಳಲ್ಲಿ ಸ್ಟೀರಿಂಗು ತಾನೇ ತಿರುಗಿದಂತಾಗುವುದೂ ಉಂಟು. ಆದರೆ ಅದು ಕುಲುಕಿದಾಗಿನ ಕಾಟ, ನಿರಂತರದ ಎಳೆತವಲ್ಲ. ಆದ್ದರಿಂದ ನಾವು ಹುಡುಕಬೇಕಾದದ್ದು ಎಡಕ್ಕೂ ಬಲಕ್ಕೂ ಇರುವ ವ್ಯತ್ಯಾಸವನ್ನು.

ಆಗ ತೂಗುಗುಂಡು ಕೆಲಸಕ್ಕೆ ಬಂತು. ಸಿಮೆಂಟಿನ ನೆಲದ ಮೇಲೆ ಗಾಡಿ ನಿಲ್ಲಿಸಿ, ಮುಂದಿನ ಚಕ್ರಗಳನ್ನು ನೇರ ಮಾಡಿ, ನಾಲ್ಕು ಚಕ್ರಗಳ ನಡುಬಿಂದುವಿನಿಂದಲೂ ಗುಂಡು ಇಳಿಬಿಟ್ಟು ಸೀಮೆಸುಣ್ಣದ ಗುರುತು ಹಾಕಿದೆವು. ಟೇಪು ಹಿಡಿದಾಗ ಮುಂದಿನ ಚಕ್ರದಿಂದ ಹಿಂದಿನ ಚಕ್ರಕ್ಕೆ ಬಲಗಡೆಗಿಂತ ಎಡಗಡೆ 2 ಸೆಂಟಿಮೀಟರ್ ಕಡಿಮೆ! ದೋಷ ಮುಂದಿನ ಅಚ್ಚಿನದೋ ಹಿಂದಿನದೋ ತಿಳಿಯಲು ಚಾಸಿಯ ಒಂದೇ ಗುರುತಿನಿಂದ ಎರಡೂ ಕಡೆ ಅಳೆದೆವು. ಮುಂದಿನದು ಸಮ. ಹಿಂದಿನ ಅಚ್ಚಿನ ಎಡತುದಿ ಮುಂದಕ್ಕೆ ಸರಿದಿತ್ತು.

ಚಕ್ಕಡಿ ಹೂಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಚ್ಚು ಓರೆಯಾಗಿ ಕೂತರೆ ಎತ್ತುಗಳು ಎಷ್ಟು ನೆಟ್ಟಗೆ ನಡೆದರೂ ಬಂಡಿ ಬದಿಗೆ ಹೊರಳುತ್ತದೆ. ಇಲ್ಲಿಯೂ ಹಿಂದಿನ ಚಕ್ರಗಳು ಬಲಕ್ಕೆ ಮುಖಮಾಡಿ ಗಾಡಿಯ ಹಿಂಬದಿಯನ್ನು ಬಲಕ್ಕೆ ದೂಡುತ್ತಿದ್ದವು, ಮೂತಿ ಎಡಕ್ಕೆ ತಿರುಗುತ್ತಿತ್ತು. ಕೆಳಗೆ ಬಗ್ಗಿ ನೋಡಿದರೆ ಎಡಗಡೆಯ ಯು ಬೋಲ್ಟುಗಳು ಸಡಿಲ. ಪಾಟಾಗಳನ್ನು ಹಿಡಿದಿಡುವ ಸೆಂಟರ್ ಬೋಲ್ಟು ತುಂಡಾಗಿತ್ತು. ಹೆಚ್ಚಿನ ಪಾಟಾ ಸೇರಿಸಿದವರು ಹಳೆಯ ಬೋಲ್ಟುಗಳನ್ನೇ ಹಾಕಿ ಬಿಗಿದಿದ್ದರು. ಪಾಟಾಗಳು ಒಂದರ ಮೇಲೊಂದು ಕೂತ ಮೇಲೆ, ಕೆಲವು ನೂರು ಕಿಲೋಮೀಟರು ಓಡಿದ ಬಳಿಕ, ಮತ್ತೆ ಬಿಗಿಯಬೇಕೆಂಬುದನ್ನು ಯಾರೂ ಹೇಳಿರಲಿಲ್ಲ.

ಈಗ ನನ್ನ ಅಭಿಪ್ರಾಯ ಹೇಳುತ್ತೇನೆ.

ಮೂವರೂ ಸ್ಟೀರಿಂಗನ್ನೇ ನೋಡಿದರು, ಏಕೆಂದರೆ ನೋವು ಕಾಣಿಸಿಕೊಂಡದ್ದು ಅಲ್ಲಿ. ಎರಡು ಸಲ ಅಲೈನ್‌ಮೆಂಟ್ ಮಾಡಿದವರು ಮುಂದಿನ ಚಕ್ರಗಳನ್ನು ತಿದ್ದಿ ಹಿಂದಿನ ಅಚ್ಚಿನ ತಪ್ಪನ್ನು ಮುಚ್ಚಲು ಹೋದರು. ಪುಸ್ತಕದ ಹಿಂದಿನ ಉತ್ತರ ನೋಡಿಕೊಂಡು ನಡುವಿನ ಹೆಜ್ಜೆಗಳನ್ನು ತಿದ್ದುವ ಹುಡುಗನ ಕೆಲಸವದು. ಅಂಥ ಲೆಕ್ಕಕ್ಕೆ ನಾನು ಎಂದೂ ಅಂಕ ಕೊಟ್ಟವನಲ್ಲ. ಗ್ಯಾರೇಜು ಇಟ್ಟುಕೊಂಡಿರುವ ನನ್ನ ವಿದ್ಯಾರ್ಥಿಗಳು ಹಲವರಿದ್ದಾರೆ. ಅವರಲ್ಲಿ ನನ್ನ ವಿನಂತಿಯೆಂದರೆ, ಪಾನಾ ಹಿಡಿಯುವ ಮೊದಲು ಟೇಪು ಹಿಡಿಯಿರಿ. ಬಡವನ ಗಾಡಿಯ ಮೇಲೆ ಊಹೆಯ ಪ್ರಯೋಗ ನಡೆಸಬೇಡಿ.

ಇನ್ನು ಎತ್ತರಿಸುವ ಹುಚ್ಚು. ಹೊಲದ ದಾರಿಯ ಕಷ್ಟವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಇಂಥ ಗಾಡಿಯಲ್ಲಿ ಪಾಟಾ ಸೇರಿಸಿದರೆ ಏರುವುದು ಚಾಸಿ ಮಾತ್ರ. ಅಚ್ಚಿನ ನಡುವಿನ ಡಿಫರೆನ್ಷಿಯಲ್ ಗುಂಡು ನೆಲದಿಂದ ಎಷ್ಟು ಎತ್ತರವಿರಬೇಕೆಂಬುದನ್ನು ನಿರ್ಧರಿಸುವುದು ಟೈರಿನ ತ್ರಿಜ್ಯ. ಕೊರಕಲಿನಲ್ಲಿ ಮೊದಲು ನೆಲಕ್ಕೆ ತಾಗುವುದು ಆ ಗುಂಡೇ. ಹೀಗಿರುವಾಗ ಹಣ ಕೊಟ್ಟು ಕೊಂಡದ್ದೇನು? ಗಾಡಿಯ ಭಾರಕೇಂದ್ರವನ್ನು ಮೇಲಕ್ಕೇರಿಸಿ, ಪಲ್ಟಿಯಾಗುವ ಭಯವನ್ನು ಹೆಚ್ಚಿಸಿಕೊಂಡದ್ದು ಅಷ್ಟೆ. ಕಾನೂನೂ ಇದನ್ನು ಒಪ್ಪುವುದಿಲ್ಲ. ತಯಾರಕರ ಮೂಲ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲವೆಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಿತು. ಅದೇ ವರ್ಷ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯು ಇಂಥ ಅಕ್ರಮ ಮಾರ್ಪಾಡಿಗೆ 6 ತಿಂಗಳವರೆಗಿನ ಸೆರೆವಾಸ, ಇಲ್ಲವೆ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡನ್ನೂ ವಿಧಿಸುತ್ತದೆ.

ಕೊನೆಯ ಮಾತು ಎಲ್ಲಕ್ಕಿಂತ ಕಠಿಣವಾದದ್ದು. ಸರಕು ಗಾಡಿಯಲ್ಲಿ ಜನರನ್ನು ತುಂಬಬಾರದು. ಇದನ್ನು ಅವನಿಗೆ ಹೇಳಿದಾಗ ಅವನು ತಲೆ ತಗ್ಗಿಸಿ, "ಖರೇ ಅದರಿ ಸರ್ರ. ಆದ್ರ ಹೊಲಕ್ಕ ಬಸ್ಸು ಬರ್ತದೇನ್ರಿ?" ಎಂದು ಕೇಳಿದ. ನನ್ನಲ್ಲಿ ಉತ್ತರವಿರಲಿಲ್ಲ. ದಿನಗೂಲಿಯ ಹೆಣ್ಣುಮಕ್ಕಳಿಗೆ ನಸುಕಿನಲ್ಲಿ ಹೊಲ ಸೇರಲು ಬೇರೆ ದಾರಿಯಿಲ್ಲದಿರುವುದು ಅವನೊಬ್ಬನ ತಪ್ಪಲ್ಲ. ನಾನು ನೌಕರಿ ಮಾಡುತ್ತಿದ್ದಾಗ ನಮ್ಮದು ಗುಲಬರ್ಗಾ ಜಿಲ್ಲೆಯ ಒಂದು ಮೂಲೆಯಾಗಿತ್ತು. 2009ರ ಡಿಸೆಂಬರಿನಲ್ಲಿ ಯಾದಗಿರಿ ಪ್ರತ್ಯೇಕ ಜಿಲ್ಲೆಯಾಯಿತು. ಕಚೇರಿಗಳು ಹತ್ತಿರ ಬಂದವು. ಸುಗ್ಗಿಯ ಕಾಲದಲ್ಲಾದರೂ ಬೆಳಗಿನ ಜಾವ ಹಳ್ಳಿಗಳಿಂದ ಹೊಲದ ದಾರಿಗಳವರೆಗೆ ಒಂದೊಂದು ಬಸ್ಸು ಬಿಡಲು ಸಾಧ್ಯವಿಲ್ಲವೇ? ನಿಮ್ಮಲ್ಲಿ ಪಂಚಾಯಿತಿಯಲ್ಲಿಯೂ ಸಾರಿಗೆ ಇಲಾಖೆಯಲ್ಲಿಯೂ ಇರುವವರು ಈ ವಿಷಯವನ್ನು ಎತ್ತಬೇಕೆಂದು ಕೇಳಿಕೊಳ್ಳುತ್ತೇನೆ.

ಅವನು ಹೊಸ ಬೋಲ್ಟು ಹಾಕಿಸಿ, ಹೆಚ್ಚಿನ ಪಾಟಾಗಳನ್ನು ತೆಗೆಸಿ, ಶಾಕಲ್‌ಗಳನ್ನೂ ಮೊದಲಿನಂತೆ ಮಾಡಿಸಿದ. ಗಾಡಿ ಈಗ ನೆಟ್ಟಗೆ ಓಡುತ್ತದೆ. ಹೆಣ್ಣುಮಕ್ಕಳಿಗಾಗಿ ಒಂದು ಬಾಡಿಗೆ ಟಂಟಂ ಗೊತ್ತುಮಾಡಿ ಎರಡು ಸರತಿಯಲ್ಲಿ ಕರೆದೊಯ್ಯುತ್ತಾನೆ. ಖರ್ಚು ಹೆಚ್ಚಾಯಿತೆಂದು ಗೊಣಗುತ್ತಾನೆ. ಗೊಣಗಲಿ. ಮೊನ್ನೆ ಬಂದಾಗ ನನ್ನ ತೂಗುಗುಂಡನ್ನು ಎರವಲು ಒಯ್ದಿದ್ದಾನೆ, ಪಕ್ಕದ ಹೊಲದವನ ಟ್ರಾಲಿಯ ಅಚ್ಚು ಅಳೆಯಬೇಕಂತೆ.

ಎಲ್ಲರಿಗೂ ಶುಭವಾಗಲಿ.
ನಿಮ್ಮ ಮಾಸ್ತರ