ವಿಮಾನದ ಮಡಿಲಿನಿಂದ ರಾಕೆಟ್ಟು



ರಾಕೆಟ್ಟೆಂದರೆ ನೆಲದ ಮೇಲೆ ನೆಟ್ಟಗೆ ನಿಂತು, ಬೆಂಕಿಯುಗುಳುತ್ತ ಮೇಲೇರುವ ವಸ್ತುವೆಂದೇ ನಾವು ಸಾಮಾನ್ಯವಾಗಿ ತಿಳಿದಿರುತ್ತೇವೆ. ಆದರೆ ವಿಮಾನದ ಅಡಿಯಲ್ಲಿ ತೂಗಿಕೊಂಡು ಹೋಗಿ, ನಡು ಆಕಾಶದಲ್ಲಿ ಕಳಚಿಕೊಂಡು, ಅಲ್ಲಿಂದ ಹೊತ್ತಿ ಹಾರುವ ರಾಕೆಟ್ಟುಗಳೂ ಉಂಟು. ಇವುಗಳಲ್ಲಿ ಹೆಸರಾದವನ್ನು ನಿರ್ಮಿಸಿದವು ಖಾಸಗಿ ಸಂಸ್ಥೆಗಳು. ಈ ಮಾರ್ಗವು ಎಷ್ಟರಮಟ್ಟಿಗೆ ಲಾಭಕರ, ನಮ್ಮ ದೇಶಕ್ಕೆ ಇದು ಅಗತ್ಯವೇ, ಇದರಿಂದ ನಾವು ಕಲಿಯತಕ್ಕದ್ದೇನು ಎಂಬುದನ್ನು ಇಲ್ಲಿ ವಿವೇಚಿಸೋಣ.

ಮೊದಲಿಗೆ ನಡೆದ ಸಂಗತಿಯನ್ನು ನೋಡೋಣ. ಅಮೆರಿಕದ ಆರ್ಬಿಟಲ್ ಸೈನ್ಸಸ್ ಎಂಬ ಖಾಸಗಿ ಸಂಸ್ಥೆಯ ‘ಪೆಗಸಸ್’ ರಾಕೆಟ್ಟು 1990ರ ಏಪ್ರಿಲ್ 5ರಂದು ಬಿ-52 ವಿಮಾನದಿಂದ ಕಳಚಿಕೊಂಡು ಕಕ್ಷೆಯನ್ನು ಸೇರಿತು. ವಿಮಾನವನ್ನು ಬಿಟ್ಟ ಮೇಲೆ ಅದು ಐದು ಸೆಕೆಂಡು ಸುಮ್ಮನೆ ಕೆಳಗೆ ಬೀಳುತ್ತದೆ. ಬಳಿಕ ಅದರ ಎಂಜಿನ್ ಹೊತ್ತಿಕೊಳ್ಳುತ್ತದೆ. 2021ರ ಜೂನ್ ವರೆಗೆ ಈ ಬಗೆಯ ರಾಕೆಟ್ಟು 45 ಬಾರಿ ಹಾರಿತು. ಅದೇ ಜಾಡಿನಲ್ಲಿ ರಿಚರ್ಡ್ ಬ್ರಾನ್ಸನ್ ಎಂಬ ಉದ್ಯಮಿಯ ವರ್ಜಿನ್ ಆರ್ಬಿಟ್ ಸಂಸ್ಥೆಯು ಬೋಯಿಂಗ್ 747 ವಿಮಾನದ ಎಡರೆಕ್ಕೆಯಡಿ ತನ್ನ ರಾಕೆಟ್ಟನ್ನು ತೂಗಿಸಿತು. 2020ರ ಮೇ ತಿಂಗಳ ಮೊದಲ ಪ್ರಯತ್ನ ವಿಫಲವಾಯಿತು. 2021ರ ಜನವರಿ 17ರಂದು ಯಶಸ್ಸು ಕೈಗೂಡಿತು. ಆದರೆ 2023ರ ಜನವರಿ 9ರಂದು ಇಂಗ್ಲೆಂಡಿನ ಕಾರ್ನ್‌ವಾಲಿನಿಂದ ಹೊರಟ ಯಾನದಲ್ಲಿ ಒಂಬತ್ತು ಉಪಗ್ರಹಗಳು ನಷ್ಟವಾದವು. ಮೂರೇ ತಿಂಗಳಲ್ಲಿ ಸಂಸ್ಥೆಯು ದಿವಾಳಿಯೆದ್ದು ನ್ಯಾಯಾಲಯದ ಮೆಟ್ಟಿಲೇರಿತು.

ಈ ಮಾರ್ಗದ ಬೆಲೆಯನ್ನು ಅಳೆಯಲು ದೊಡ್ಡ ಪಾಂಡಿತ್ಯ ಬೇಕಿಲ್ಲ. ನಿಮ್ಮ ತರಗತಿಯ ಗಣಿತವೇ ಸಾಕು. ವಿಮಾನವು ರಾಕೆಟ್ಟನ್ನು ಸುಮಾರು 12 ಕಿಲೋಮೀಟರ್ ಎತ್ತರಕ್ಕೆ ಒಯ್ಯುತ್ತದೆ. ನವಿ ಮುಂಬಯಿಯ ಹೊಸ ನಿಲ್ದಾಣದಿಂದೇಳುವ ದೂರಪ್ರಯಾಣದ ವಿಮಾನಗಳೂ ಹೆಚ್ಚುಕಡಿಮೆ ಅಷ್ಟೇ ಎತ್ತರದಲ್ಲಿ ಸಾಗುತ್ತವೆ. ಉಪಗ್ರಹ ಸೇರಬೇಕಾದ ಕಕ್ಷೆ 500 ಕಿಲೋಮೀಟರ್ ಮೇಲಿದೆಯೆನ್ನಿ. ಅಲ್ಲಿ ಅದು ಬೀಳದೆ ಸುತ್ತಬೇಕಾದರೆ ಸೆಕೆಂಡಿಗೆ 7.6 ಕಿಲೋಮೀಟರ್ ವೇಗ ಬೇಕು. ವಿಮಾನ ಕೊಡುವ ವೇಗವಾದರೋ ಸೆಕೆಂಡಿಗೆ ಕಾಲು ಕಿಲೋಮೀಟರ್. ಅಂದರೆ ಬೇಕಾದುದರಲ್ಲಿ ಮೂವತ್ತರಲ್ಲೊಂದು ಪಾಲು. ಉಳಿದುದೆಲ್ಲವನ್ನೂ ರಾಕೆಟ್ಟೇ ಸಂಪಾದಿಸಿಕೊಳ್ಳಬೇಕು.

ಹಾಗಾದರೆ ಲಾಭವೇ ಇಲ್ಲವೆ? ಉಂಟು. ವಾಯುಮಂಡಲದ ಐದರಲ್ಲಿ ನಾಲ್ಕು ಪಾಲು ಗಾಳಿ ಆ 12 ಕಿಲೋಮೀಟರಿನ ಕೆಳಗೇ ಉಳಿಯುವುದರಿಂದ ರಾಕೆಟ್ಟಿಗೆ ಗಾಳಿಯ ತಡೆ ತಗ್ಗುತ್ತದೆ. ನೆಲದ ಮೇಲೆ ಉಡ್ಡಯನ ವೇದಿಕೆ ಬೇಕಿಲ್ಲ. ಮೋಡ ಮಳೆಗಳ ಕಾಟವನ್ನು ತಪ್ಪಿಸಿಕೊಂಡು, ಸಾಗರದ ಮೇಲೆ ಅನುಕೂಲವಾದ ಸ್ಥಳವನ್ನು ಆರಿಸಿಕೊಳ್ಳಬಹುದು. ಆದರೆ ವಿಮಾನವು ಹೊರಬಲ್ಲಷ್ಟೇ ದೊಡ್ಡ ರಾಕೆಟ್ಟನ್ನು ಕಟ್ಟಬೇಕು. ಭಾರಿ ಉಪಗ್ರಹಗಳ ಆಸೆಯನ್ನು ಬಿಡಬೇಕು. ಇದು ಈ ಮಾರ್ಗದ ಮಿತಿ.

ನಮ್ಮ ದೇಶದ ಮಟ್ಟಿಗೆ ಹೇಳುವುದಾದರೆ, ಪೂರ್ವಕ್ಕೆ ತೆರೆದ ಕಡಲಿರುವ ಶ್ರೀಹರಿಕೋಟೆ ನಮಗಿದೆ. ಸಣ್ಣ ರಾಕೆಟ್ಟುಗಳಿಗಾಗಿ ತಮಿಳುನಾಡಿನ ಕುಲಶೇಖರಪಟ್ಟಣದಲ್ಲಿ 2024ರ ಫೆಬ್ರವರಿಯಲ್ಲಿ ಇನ್ನೊಂದು ಕೇಂದ್ರಕ್ಕೆ ಅಡಿಗಲ್ಲಿಡಲಾಗಿದೆ. 2020ರಲ್ಲಿ ಸರ್ಕಾರವು ಅಂತರಿಕ್ಷದ ಬಾಗಿಲನ್ನು ಖಾಸಗಿಯವರಿಗೆ ತೆರೆದ ಮೇಲೆ, ಹೈದರಾಬಾದಿನ ಸ್ಕೈರೂಟ್ 2022ರ ನವೆಂಬರಿನಲ್ಲಿಯೂ ಚೆನ್ನೈಯ ಅಗ್ನಿಕುಲ್ 2024ರ ಮೇ ತಿಂಗಳಲ್ಲಿಯೂ ಪರೀಕ್ಷಾರ್ಥ ರಾಕೆಟ್ಟುಗಳನ್ನು ಹಾರಿಸಿದವು. ಎರಡೂ ನೆಲದಿಂದಲೇ ಎದ್ದವು. ಆದುದರಿಂದ ವಿಮಾನದಿಂದ ಹಾರಿಸುವ ಆತುರ ನಮಗೆ ಬೇಕಾಗಿಲ್ಲವೆಂದು ನನ್ನ ಅಭಿಪ್ರಾಯ. ಹಾಗೆಂದು ಪ್ರಯೋಗವನ್ನೇ ತೊರೆಯಬಾರದು. ನಮ್ಮ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯ ಬಳಿ 2023ರ ಏಪ್ರಿಲ್ 2ರಂದು ಇಸ್ರೋ ಸಂಸ್ಥೆಯು ರೆಕ್ಕೆಯುಳ್ಳ ವಾಹನವೊಂದನ್ನು ಹೆಲಿಕಾಪ್ಟರಿನಲ್ಲಿ 4.5 ಕಿಲೋಮೀಟರ್ ಮೇಲಕ್ಕೊಯ್ದು ಕೈಬಿಟ್ಟಿತು. ಅದು ಚಾಲಕನಿಲ್ಲದೆ ತಾನಾಗಿಯೇ ಓಡುಹಾದಿಗಿಳಿಯಿತು. ಮೇಲೇರುವ ವಿದ್ಯೆಯಲ್ಲ, ಇಳಿಯುವ ವಿದ್ಯೆ ಅದು. ಆದರೂ ಆಕಾಶದಲ್ಲಿ ಕಳಚಿ ಬಿಡುವ ಕೌಶಲ ನಮ್ಮವರಿಗೆ ಅಪರಿಚಿತವಲ್ಲವೆಂಬುದು ಇದರಿಂದ ಸಿದ್ಧವಾಯಿತು.

ಖಾಸಗಿ ಸಾಹಸವೆಂದೊಡನೆ ಹುಬ್ಬುಗಂಟಿಕ್ಕುವವರುಂಟು. ಸೊಲ್ಲಾಪುರದಲ್ಲಿ ಹುಟ್ಟಿ ಮುಂಬಯಿಯಲ್ಲಿ ಉದ್ಯಮ ಬೆಳೆಸಿದ ವಾಲಚಂದ ಹೀರಾಚಂದರು ಮೈಸೂರು ಸರ್ಕಾರದ ಸಹಯೋಗದೊಡನೆ 1940ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ವಿಮಾನ ಕಾರ್ಖಾನೆಯೇ ಇಂದಿನ ಎಚ್.ಎ.ಎಲ್. ಸಂಸ್ಥೆಯ ಮೂಲವೆಂಬುದನ್ನು ಅವರು ನೆನೆಯಬೇಕು. ಖಾಸಗಿಯವರ ಧೈರ್ಯ, ಸರ್ಕಾರದ ತಾಳ್ಮೆ ಎರಡೂ ಬೇಕು. ಹಣ ಮುಗಿದರೆ ಧೈರ್ಯವೊಂದೇ ನಿಲ್ಲಲಾರದೆಂಬುದಕ್ಕೆ ವರ್ಜಿನ್ ಆರ್ಬಿಟ್ ಸಾಕ್ಷಿಯಾಗಿದೆ.

ಆ ಸಂಸ್ಥೆಯ ಕೊನೆಯ ರಾಕೆಟ್ಟು ಕೆಟ್ಟುದೇಕೆ ಗೊತ್ತೆ? ಇಂಧನದ ಕೊಳವೆಯೊಳಗಿನ ಒಂದು ಸಣ್ಣ ಸೋಸುಬಲೆ ತನ್ನ ಸ್ಥಾನದಿಂದ ಕದಲಿತು. ಪಂಪು ಸೊರಗಿತು, ಎಂಜಿನ್ ಕಾದು ನಿಂತಿತು. ನಿಮ್ಮಲ್ಲಿ ಅನೇಕರ ತಂದೆಯವರು ಡೊಂಬಿವಲಿ, ಅಂಬರನಾಥ, ಠಾಣೆಗಳ ಕಾರ್ಖಾನೆಗಳಲ್ಲಿ ದುಡಿಯುತ್ತಾರೆ. ಒಂದು ತಿರುಪನ್ನು ಬಿಗಿಮಾಡುವ ಕೆಲಸ ಎಷ್ಟು ದೊಡ್ಡದೆಂಬುದನ್ನು ಅವರನ್ನೇ ಕೇಳಿರಿ. ಕಲ್ಯಾಣದಿಂದ ದಾದರಿಗೆ ಹೋಗುವ ಲೋಕಲ್ ಗಾಡಿ ವಿಕ್ರೋಳಿಯನ್ನು ಹಾದುಹೋಗುತ್ತದೆ. ಇಸ್ರೋದ ರಾಕೆಟ್ಟುಗಳಿಗೆ ವಿಕಾಸ್ ಎಂಜಿನನ್ನು ತಯಾರಿಸಿಕೊಟ್ಟುದು ಅಲ್ಲಿಯ ಗೋದ್ರೇಜ್ ಕಾರ್ಖಾನೆ. ಆಕಾಶಕ್ಕೆ ಹೋಗುವ ಹಾದಿ ನಮ್ಮ ರೈಲು ಹಾದಿಯ ಮಗ್ಗುಲಲ್ಲೇ ಇದೆ.

“ಇವೆಲ್ಲ ಇಂಗ್ಲಿಷ್ ಶಾಲೆಯವರಿಗೆ; ಕನ್ನಡ ಶಾಲೆಯ ನಮಗೇಕೆ?” ಎಂದು ನಿಮ್ಮಲ್ಲಿ ಕೆಲವರು ಕೇಳುವುದುಂಟು. ಉಡುಪಿಯ ಬಳಿಯ ಅದಮಾರಿನಲ್ಲಿ 1932ರಲ್ಲಿ ಹುಟ್ಟಿ, ಊರ ಶಾಲೆಯಲ್ಲಿ ಅಕ್ಷರ ಕಲಿತ ಯು. ಆರ್. ರಾಯರ ಮುಂದಾಳುತನದಲ್ಲಿಯೇ ದೇಶದ ಮೊದಲ ಉಪಗ್ರಹ ‘ಆರ್ಯಭಟ’ ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ ಸಿದ್ಧವಾಗಿ, 1975ರ ಏಪ್ರಿಲ್ 19ರಂದು ಕಕ್ಷೆಗೇರಿತು. ಮುಂದೆ ಇಂಗ್ಲಿಷನ್ನು ಕಲಿಯಲೇಬೇಕು, ಮರಾಠಿಯೂ ಬೇಕು. ಆದರೆ ಮೇಲೆ ನಾವು ಮಾಡಿದ ಲೆಕ್ಕವನ್ನು ಕನ್ನಡದಲ್ಲಿಯೇ ಮಾಡಿದೆವಲ್ಲವೆ? ಉತ್ತರವೇನೂ ಬದಲಾಗಲಿಲ್ಲ.

ಆದುದರಿಂದ, ಮಿತ್ರರೇ, ಹೊಸತೆಂಬ ಮಾತ್ರಕ್ಕೆ ಮರುಳಾಗಬೇಡಿರಿ, ಸೋತಿತೆಂಬ ಮಾತ್ರಕ್ಕೆ ನಗಬೇಡಿರಿ. ಕಾಗದ, ಸೀಸದಕಡ್ಡಿ ತೆಗೆದುಕೊಂಡು ಮೊದಲು ಲೆಕ್ಕ ಹಾಕಿರಿ. ಇನ್ನೊಬ್ಬರು ಹೊತ್ತು ಕೊಟ್ಟ ಎತ್ತರ ಅಲ್ಪ. ತಾನೇ ಗಳಿಸಬೇಕಾದ ವೇಗ ಬಹಳ. ರಾಕೆಟ್ಟಿಗೂ ಇದೇ ನಿಯಮ, ಶಾಲೆಯಿಂದ ಹೊರಡುವ ನಿಮಗೂ ಇದೇ ನಿಯಮ.