ಲಿಫ್ಟ್ ಮತ್ತು ಎಸ್ಕಲೇಟರ್ ಅಪಘಾತ ಪರಿಹಾರ (ಕರ್ನಾಟಕ)

ಲಿಫ್ಟ್ ಅಥವಾ ಎಸ್ಕಲೇಟರ್ ಅಪಘಾತದಲ್ಲಿ ಗಾಯಗೊಂಡವರು ಮತ್ತು ಮೃತಪಟ್ಟವರ ಅವಲಂಬಿತರು ಪರಿಹಾರ ಕೋರಲು ಕರ್ನಾಟಕದಲ್ಲಿ ಪ್ರತ್ಯೇಕ ನ್ಯಾಯಮಂಡಳಿಯಿಲ್ಲ. ರಸ್ತೆ ಅಪಘಾತಗಳಿಗೆ ಮೋಟಾರು ವಾಹನ ಕಾಯ್ದೆಯು ಒದಗಿಸುವ ನೇರ ದಾರಿ ಇಲ್ಲಿ ದೊರೆಯುವುದಿಲ್ಲ. ಗ್ರಾಹಕ ಆಯೋಗ ಅಥವಾ ಸಿವಿಲ್ ನ್ಯಾಯಾಲಯದ ಮೊರೆ ಹೋಗಬೇಕಾಗುತ್ತದೆ. ಕೆಲಸದ ವೇಳೆ ಗಾಯಗೊಂಡ ಕಾರ್ಮಿಕರಿಗೆ 2025ರ ನವೆಂಬರ್‌ವರೆಗೆ 1923ರ ನೌಕರರ ಪರಿಹಾರ ಕಾಯ್ದೆಯೂ ಅನ್ವಯಿಸುತ್ತಿತ್ತು.

ನಿಯಂತ್ರಣ ಮತ್ತು ಸಾಕ್ಷ್ಯ

ರಾಜ್ಯದಲ್ಲಿ ಇಂತಹ ಯಂತ್ರಗಳ ಸ್ಥಾಪನೆ, ಪರವಾನಗಿ ಮತ್ತು ತಪಾಸಣೆಯನ್ನು 2012ರ ಕರ್ನಾಟಕ ಲಿಫ್ಟ್‌ಗಳು, ಎಸ್ಕಲೇಟರ್‌ಗಳು ಮತ್ತು ಪ್ರಯಾಣಿಕ ಕನ್ವೇಯರ್‌ಗಳ ಕಾಯ್ದೆ ನಿಯಂತ್ರಿಸುತ್ತದೆ. ಇದರ ಜಾರಿ ವಿದ್ಯುತ್ ಪರಿವೀಕ್ಷಣಾಲಯದ ಹೊಣೆ. ಪರಿವೀಕ್ಷಕರ ವರದಿ, ಪರವಾನಗಿ ಮತ್ತು ನಿರ್ವಹಣಾ ದಾಖಲೆಗಳೇ ವ್ಯಾಜ್ಯದ ಬೆನ್ನೆಲುಬು. ಸರ್ಕಾರಿ ಕಚೇರಿಯಲ್ಲಿರುವ ಪ್ರತಿಗಳನ್ನು ಮಾಹಿತಿ ಹಕ್ಕು ಕಾಯ್ದೆಯಡಿ ಕೇಳಬಹುದು; ನಿರ್ವಹಣಾ ಕಂಪನಿಯ ಬಳಿ ಮಾತ್ರ ಇರುವ ದಾಖಲೆಗಳು ಅಷ್ಟು ಸುಲಭವಾಗಿ ಕೈಗೆ ಸಿಗುವುದಿಲ್ಲ.

ಈ ಕೊರತೆಯನ್ನು ಸ್ವಲ್ಪಮಟ್ಟಿಗೆ ತುಂಬುವುದು 'ಘಟನೆಯೇ ನಿರ್ಲಕ್ಷ್ಯವನ್ನು ಹೇಳುತ್ತದೆ' ಎಂಬ ತತ್ತ್ವ. ದೆಹಲಿಯ ಗಡಿಯಾರ ಗೋಪುರ ಕುಸಿದ ಪ್ರಕರಣದಲ್ಲಿ (ದೆಹಲಿ ಮಹಾನಗರ ಪಾಲಿಕೆ ವಿರುದ್ಧ ಸುಭಾಗವಂತಿ, 1966) ಸರ್ವೋಚ್ಚ ನ್ಯಾಯಾಲಯವು ಇದನ್ನು ಅನ್ವಯಿಸಿ, ಕಟ್ಟಡದ ಒಡೆತನ ಹೊಂದಿದ್ದ ಪಾಲಿಕೆಯನ್ನು ಹೊಣೆ ಮಾಡಿತು. ಲಿಫ್ಟ್ ಬಾರದೆ ಬಾಗಿಲು ತೆರೆದುಕೊಂಡು ವ್ಯಕ್ತಿ ಗುಂಡಿಗೆ ಬಿದ್ದರೆ ಅದೇ ತರ್ಕ ಹೊಂದುತ್ತದೆ. ಎಸ್ಕಲೇಟರ್ ಪ್ರಕರಣಗಳಲ್ಲಿ ಹಾಗಲ್ಲ: ಸೀರೆಯ ಸೆರಗು ಅಥವಾ ಮಗುವಿನ ಚಪ್ಪಲಿ ಸಿಕ್ಕಿಕೊಂಡಾಗ ಬಳಕೆದಾರರದೇ ಅಜಾಗರೂಕತೆ ಎಂಬ ವಾದ ಕೂಡಲೇ ಏಳುತ್ತದೆ.

ಎಲ್ಲಿ ದಾವೆ ಹೂಡಬೇಕು

ಕಡಬ ತಾಲೂಕಿನ ಸವಣೂರಿನಂತಹ ಊರುಗಳ ನಿವಾಸಿಗಳಿಗೆ ಈ ಪ್ರಶ್ನೆ ಮುಖ್ಯ. ಸವಣೂರಿನ ವ್ಯಕ್ತಿ ಬೆಂಗಳೂರಿನ ಮಾಲ್‌ನಲ್ಲಿ ಗಾಯಗೊಂಡರೆ, ಸಿವಿಲ್ ದಾವೆಯನ್ನು ಸಾಮಾನ್ಯವಾಗಿ ಘಟನೆ ನಡೆದ ಅಥವಾ ಪ್ರತಿವಾದಿ ಇರುವ ಸ್ಥಳದಲ್ಲೇ ಹೂಡಬೇಕು. ಆದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 34ನೇ ಕಲಂ ದೂರುದಾರರು ವಾಸಿಸುವ ಜಿಲ್ಲೆಯಲ್ಲೂ ದೂರು ಸಲ್ಲಿಸಲು ಅವಕಾಶ ನೀಡುವುದರಿಂದ, ಅವರು ಮಂಗಳೂರಿನ ಜಿಲ್ಲಾ ಆಯೋಗಕ್ಕೆ ಹೋಗಬಹುದು. ಕಾಲಮಿತಿ ಎರಡು ವರ್ಷ.

ತೊಡಕು 'ಗ್ರಾಹಕ' ಎಂಬ ಪದದಲ್ಲಿದೆ. ಹಣ ಪಾವತಿಸಿದ ರೋಗಿ ಗ್ರಾಹಕನಾಗುತ್ತಾನೆ. ಏನನ್ನೂ ಕೊಳ್ಳದೆ ಮಾಲ್ ಸುತ್ತಿದವರ ಸ್ಥಾನ ದುರ್ಬಲ. ಅಂಥವರಿಗೆ ಸಿವಿಲ್ ದಾವೆಯೇ ಹೆಚ್ಚು ಭದ್ರ. ಮಹಿಳೆಯರು ಮತ್ತು ಮಕ್ಕಳು ಆದಾಯಮಿತಿಯಿಲ್ಲದೆ ಉಚಿತ ಕಾನೂನು ನೆರವಿಗೆ ಅರ್ಹರು.

ಸಾವು ಸಂಭವಿಸಿದರೆ ಭಾರತೀಯ ನ್ಯಾಯ ಸಂಹಿತೆಯ 106(1)ನೇ ಕಲಮಿನಡಿ ಐದು ವರ್ಷಗಳವರೆಗೆ ಶಿಕ್ಷೆ ವಿಧಿಸಬಹುದು. ಈ ಕ್ರಿಮಿನಲ್ ಮೊಕದ್ದಮೆ ಮುಗಿಯಲೆಂದು ಕಾಯುತ್ತಾ ಕುಳಿತರೆ ಪರಿಹಾರದ ಕಾಲಮಿತಿ ಮೀರಬಹುದು. ಎರಡೂ ಪ್ರತ್ಯೇಕವಾಗಿ ಸಾಗುತ್ತವೆ.