ಮಾತನಾಡಿಸುವವರೂ ಮಾತಿನ ಮನೆಯೂ

ಮಂಗಳೂರಿನ ‘ನಮ್ಮ ಟಿವಿ’ ಎಂಬ ಸ್ಥಳೀಯ ವಾಹಿನಿಯಲ್ಲಿ ಟೆಲಿ ಅಂತ್ಯಾಕ್ಷರಿಯ ನಿರೂಪಕಿಯಾಗಿ ಕೆಲಸಕ್ಕೆ ತೊಡಗಿದ ಶ್ರೀಮತಿ ಅನುಶ್ರೀಯವರು ಕನ್ನಡ ನಾಡಿನ ಮನೆಮನೆಗೂ ಪರಿಚಿತರಾದ ಸಂಗತಿಯು ನಮ್ಮ ವಾಚಕರಿಗೆ ತಿಳಿದದ್ದೇ ಆಗಿದೆ. ಈಟೀವಿಯ ‘ಡಿಮ್ಯಾಂಡಪ್ಪೋ ಡಿಮ್ಯಾಂಡು’, ಜೀ ಕನ್ನಡದ ‘ಸರಿಗಮಪ’ ಮುಂತಾದ ಮೆಟ್ಟಿಲುಗಳನ್ನೇರಿ, ಕಡೆಗೆ ಯೂಟ್ಯೂಬಿನಲ್ಲಿ ತಮ್ಮದೇ ವಾಹಿನಿಯನ್ನು ತೆರೆದು, ಅತಿಥಿಗಳನ್ನು ಕರೆದು ಕೂರಿಸಿ ಮಾತನಾಡಿಸುವ ಕಾರ್ಯಕ್ರಮವನ್ನು ಅವರು ತಾವೇ ನಡೆಸಲಾರಂಭಿಸಿದರು. ಪತ್ರಿಕೆಯ ಅಗ್ರಲೇಖನಕ್ಕೆ ಇದೂ ಒಂದು ವಿಷಯವೇ ಎಂದು ಕೆಲವರು ಹುಬ್ಬೇರಿಸಬಹುದು. ನಮಗೆ ಇದು ವಿಷಯವೆಂದೇ ತೋರುತ್ತದೆ. ಒಬ್ಬರ ಏಳಿಗೆಗಾಗಿ ಸಂತೋಷಪಡುವುದು ಒಂದು. ಆ ಏಳಿಗೆಗೆ ಊರು ಬಿಡಲೇಬೇಕಾಗಿ ಬರುವುದೇಕೆಂದು ಕೇಳುವುದು ಮತ್ತೊಂದು.

ಮೊದಲು ಅವರಿಗೆ ಸಲ್ಲತಕ್ಕ ಮನ್ನಣೆಯನ್ನು ಸಲ್ಲಿಸುತ್ತೇವೆ. ದೂರವಾಣಿಯಲ್ಲಿ ಕರೆಮಾಡುವ ಅಪರಿಚಿತರೊಡನೆ ನೇರಪ್ರಸಾರದಲ್ಲಿ ಮಾತನಾಡುವುದು ಹೊರಗೆ ಕಾಣುವಷ್ಟು ಹಗುರವಾದ ಕೆಲಸವಲ್ಲ. ಅಲ್ಲಿ ತಪ್ಪನ್ನು ಕತ್ತರಿಸಿ ತೆಗೆಯುವ ಅವಕಾಶವಿಲ್ಲ. ಕರೆಮಾಡಿದವರ ಮುಖ ಕಾಣದು. ಅವರು ನಾಚಿ ಸುಮ್ಮನಾದರೆ ಆ ಮೌನವನ್ನು ತುಂಬುವ ಹೊಣೆ ನಿರೂಪಕರದು. ವಾಚಾಳಿಯಾದರೆ ನೋಯಿಸದೆ ನಿಲ್ಲಿಸುವ ಹೊಣೆಯೂ ಅವರದೇ. ‘ನಿಮ್ಮ ಟಿವಿಯ ಶಬ್ದ ಸ್ವಲ್ಪ ಕಡಿಮೆ ಮಾಡಿ’ ಎಂಬ ವಿನಂತಿಯನ್ನು ಸಂಜೆಗೆ ಇಪ್ಪತ್ತು ಸಲ ನಗುನಗುತ್ತಲೇ ಹೇಳಬಲ್ಲವರಿಗೆ ತಾಳ್ಮೆಯ ಪಾಠವನ್ನು ಬೇರೆ ಯಾರೂ ಕಲಿಸಬೇಕಾಗಿಲ್ಲ. ಇಂತಹ ಗರಡಿಯಲ್ಲಿ ಪಳಗಿದವರು ದೊಡ್ಡ ವೇದಿಕೆಯಲ್ಲಿ ಗೆದ್ದುದು ಸಹಜವೇ ಸರಿ.

ಮಾತಿನ ವಿಷಯದಲ್ಲಿ ನಮ್ಮ ಜಿಲ್ಲೆಗೆ ಹಳೆಯ ಅಭಿಮಾನವೊಂದುಂಟು. ತಾಳಮದ್ದಳೆಯ ಕೂಟದಲ್ಲಿ ವೇಷವಿಲ್ಲ, ಕುಣಿತವಿಲ್ಲ. ಇರುವುದು ಭಾಗವತರ ಪದ, ಹಿಮ್ಮೇಳ ಮತ್ತು ಅರ್ಥಧಾರಿಗಳ ಮಾತು ಮಾತ್ರ. ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥವನ್ನು ಕೇಳಲು ಜನರು ರಾತ್ರಿಯೆಲ್ಲ ಕುಳಿತಿರುತ್ತಿದ್ದ ಕಾಲವನ್ನು ಕಂಡವರು ಇನ್ನೂ ನಮ್ಮ ನಡುವೆ ಇದ್ದಾರೆ. ಎದುರಾಳಿಯ ಬಾಯಿಂದ ಒಳ್ಳೆಯ ಮಾತನ್ನು ಹೊರಡಿಸುವುದೂ ಅರ್ಥಧಾರಿಯ ಸಾಮರ್ಥ್ಯವೇ. ಎದುರಿನವರಿಗೆ ಅವಕಾಶ ಕೊಡದೆ ತಾನೊಬ್ಬನೇ ಗರ್ಜಿಸುವವನು ಎಷ್ಟು ಪಂಡಿತನಾದರೂ ಕೂಟವನ್ನು ಕೆಡಿಸುತ್ತಾನೆ. ಟೆಲಿವಿಷನ್ನಿನ ಸಂವಾದಕ್ಕೂ ಇದೇ ನಿಯಮವು ಅನ್ವಯಿಸುತ್ತದೆ. ಸುದ್ದಿವಾಹಿನಿಗಳಲ್ಲಿ ಪ್ರತಿರಾತ್ರಿಯೂ ನಡೆಯುವ ಕೂಗಾಟವನ್ನು ನೋಡಿದರೆ, ಆ ಮಹನೀಯರು ಒಂದೆರಡು ತಾಳಮದ್ದಳೆಗಳನ್ನಾದರೂ ಕೇಳಿ ಬರಬಾರದೇ ಎಂದು ನಮಗೆ ಅನ್ನಿಸುವುದುಂಟು.

ಈಗ ಮುಖ್ಯ ವಿಷಯಕ್ಕೆ ಬರುತ್ತೇವೆ. ನಿರೂಪಕರು ತಾವೇ ನಿರ್ಮಾಪಕರಾದಾಗ ಒಂದು ಸ್ವಾತಂತ್ರ್ಯವು ಕೈಗೆ ಬರುತ್ತದೆ: ಯಾರನ್ನು ಕರೆಯಬೇಕು, ಏನನ್ನು ಕೇಳಬೇಕು, ಎಷ್ಟು ಹೊತ್ತು ಕೇಳಬೇಕು ಎಂಬುದನ್ನು ತಾವೇ ನಿರ್ಧರಿಸಬಹುದು. ಆದರೆ ಸ್ಟುಡಿಯೋ, ಕ್ಯಾಮೆರಾ, ಸಂಕಲನ ಇವೆಲ್ಲವುಗಳ ಖರ್ಚು ಕೂಡ ತಮ್ಮ ತಲೆಯ ಮೇಲೆಯೇ ಬರುತ್ತದೆ. ನೋಡುವವರ ಸಂಖ್ಯೆಯನ್ನು ಅನುಸರಿಸಿ ಜಾಹೀರಾತಿನ ಹಣ ಬರುವುದಾದ್ದರಿಂದ, ಎಲ್ಲರೂ ಬಲ್ಲ ಚಲನಚಿತ್ರದ ಮುಖಗಳನ್ನೇ ಮತ್ತೆ ಮತ್ತೆ ಕರೆಯಬೇಕಾಗುತ್ತದೆ. ಅನುಶ್ರೀಯವರ ಅತಿಥಿಗಳಲ್ಲಿಯೂ ಬಹುಮಂದಿ ಚಿತ್ರರಂಗದವರೇ. ಇದಕ್ಕಾಗಿ ಅವರನ್ನು ದೂಷಿಸುವುದು ನ್ಯಾಯವಲ್ಲ. ಸ್ವಂತ ಬಂಡವಾಳವನ್ನು ಹೂಡಿದವರು ಊರಿನ ಜ್ಞಾನಭಂಡಾರವನ್ನು ಕಾಯಬೇಕೆಂದು ವಿಧಿಸುವ ಹಕ್ಕು ನಮಗೆಲ್ಲಿದೆ?

ಆದರೆ ಯಾರಾದರೂ ಅದನ್ನು ಕಾಯಲೇಬೇಕಷ್ಟೆ. ಕಡಲತೀರದ ಭಾರ್ಗವರೆಂದು ಹೆಸರಾದ ಡಾ. ಶಿವರಾಮ ಕಾರಂತರು 1997ರ ಡಿಸೆಂಬರಿನಲ್ಲಿ ತೀರಿಕೊಂಡರು. ಈಟೀವಿ ಕನ್ನಡ ವಾಹಿನಿಯು ಹುಟ್ಟಿದ್ದು 2000ದ ಡಿಸೆಂಬರಿನಲ್ಲಿ. ಆ ವಾಹಿನಿಗಾಗಿ ಶ್ರೀ ಜಯಂತ ಕಾಯ್ಕಿಣಿಯವರು ಕಾರಂತರನ್ನು ಕುರಿತು ಸಾದರಪಡಿಸಿದ ಮಾಲಿಕೆಯು ಕಿರುತೆರೆಯ ಮೇಲೆ ಬಂದ ಉತ್ತಮ ಕೆಲಸಗಳಲ್ಲೊಂದು. ಕುವೆಂಪು ಮತ್ತು ಬೇಂದ್ರೆಯವರ ವಿಷಯದಲ್ಲಿಯೂ ಅವರು ಇಂತಹದೇ ಸೇವೆಯನ್ನು ಮಾಡಿದರು. ಆದರೆ ಸಂದರ್ಶಕರು ಬಾಗಿಲಿಗೆ ಬರುವ ಹೊತ್ತಿಗೆ ಮನೆಯ ಯಜಮಾನರೇ ಇರಲಿಲ್ಲ. ಬಲ್ಲವರ ನೆನಪುಗಳನ್ನು ಆಯ್ದು ಪೋಣಿಸಬೇಕಾಯಿತು. ಅದಕ್ಕಿಂತ ನಾಲ್ಕೈದು ವರ್ಷ ಮುಂಚೆ, ತೊಂಬತ್ತು ದಾಟಿಯೂ ಖಂಡತುಂಡವಾಗಿ ಮಾತನಾಡುತ್ತಿದ್ದ ಕಾರಂತರ ಎದುರು ಅಂತಹ ಸಂವಾದಕರೊಬ್ಬರು ಹತ್ತು ದಿನ ಕುಳಿತಿದ್ದರೆ ಏನಾಗುತ್ತಿತ್ತೆಂಬುದನ್ನು ಊಹಿಸಿಕೊಳ್ಳಬಹುದು. ಶೇಣಿಯವರು 2006ರಲ್ಲಿ ಹೋದರು. ಕಯ್ಯಾರ ಕಿಞ್ಞಣ್ಣ ರೈಗಳು ನೂರು ವರ್ಷ ಬಾಳಿ 2015ರಲ್ಲಿ ಹೋದರು. ಅಮೃತ ಸೋಮೇಶ್ವರರು 2024ರ ಜನವರಿಯಲ್ಲಿ ಹೋದರು. ಇವರು ಬರೆದುದು ಪುಸ್ತಕಗಳಲ್ಲಿ ಉಳಿದಿದೆ. ಆಡಬಹುದಾಗಿದ್ದುದರಲ್ಲಿ ಎಷ್ಟೋ ಅವರೊಡನೆಯೇ ಹೋಯಿತು. ಪಾಡ್ದನಗಳನ್ನು ಹಾಡುವ ವೃದ್ಧೆಯರು, ಹೆಂಚಿನ ಕಾರ್ಖಾನೆಯಲ್ಲಿ ದುಡಿದವರು, ಹಳೆಯ ಬಂದರಿನಲ್ಲಿ ಮಂಜಿಗಳನ್ನು ನಡೆಸಿದ ಕುಟುಂಬದವರು, ಇವರಿಗಂತೂ ಪುಸ್ತಕಗಳೂ ಇಲ್ಲ.

ಭಾರತದಲ್ಲಿ ಟೆಲಿವಿಷನ್ 1959ರಲ್ಲಿ ದೆಹಲಿಯಲ್ಲಿ ಆರಂಭವಾಯಿತು. ಬೆಂಗಳೂರಿಗೆ ದೂರದರ್ಶನ ಕೇಂದ್ರವು 1981ರಲ್ಲಿ ಬಂದಿತು. ಕನ್ನಡದ ಪ್ರಮುಖ ಖಾಸಗಿ ವಾಹಿನಿಗಳೂ ಬೆಂಗಳೂರಿನಲ್ಲಿಯೇ ನೆಲೆಯೂರಿದವು. ಕರಾವಳಿಯ ಪಾಲಿಗೆ ಉಳಿದವು ಕೇಬಲ್ ವಾಹಿನಿಗಳು. ಅಲ್ಪ ಬಂಡವಾಳದಲ್ಲಿ ಅವು ತುಳು, ಕೊಂಕಣಿ, ಬ್ಯಾರಿ ಭಾಷೆಗಳಿಗೆ ತೆರೆಯ ಮೇಲೆ ಸ್ಥಾನ ಕೊಟ್ಟ ಉಪಕಾರವನ್ನು ಮರೆಯಲಾಗದು. ಆದರೆ ಅವುಗಳಲ್ಲಿ ಬೆಳೆದ ನಿರೂಪಕರು, ಛಾಯಾಗ್ರಾಹಕರು, ಸಂಕಲನಕಾರರು ಕೈ ಪಳಗುತ್ತಲೇ ರಾತ್ರಿಯ ಬಸ್ಸಿನಲ್ಲಿ ಘಟ್ಟ ಹತ್ತುತ್ತಾರೆ. ಹತ್ತದೆ ಮತ್ತೇನು ಮಾಡಿಯಾರು?

ಸಾರ್ವಜನಿಕ ಪ್ರಸಾರ ಸಂಸ್ಥೆಯು ತನ್ನ ಕರ್ತವ್ಯವನ್ನು ನೆನೆಯಬೇಕಾದುದು ಇಲ್ಲಿಯೇ. ಪ್ರಸಾರದ ಅಲೆಗಳು ಸಾರ್ವಜನಿಕ ಸ್ವತ್ತೆಂದು ಸರ್ವೋಚ್ಚ ನ್ಯಾಯಾಲಯವು 1995ರಲ್ಲಿ ತೀರ್ಪಿತ್ತಿತು. 1990ರಲ್ಲಿ ಅಂಗೀಕೃತವಾಗಿ 1997ರಲ್ಲಿ ಜಾರಿಗೆ ಬಂದ ಪ್ರಸಾರಭಾರತಿ ಕಾಯಿದೆಯು, ದೇಶದ ಬೇರೆಬೇರೆ ಪ್ರದೇಶಗಳ ಸಂಸ್ಕೃತಿಗಳಿಗೂ ಭಾಷೆಗಳಿಗೂ ಸಾಕಷ್ಟು ಅವಕಾಶ ಕೊಡುವುದನ್ನು ಆ ಸಂಸ್ಥೆಯ ಉದ್ದೇಶಗಳಲ್ಲೊಂದಾಗಿ ಸ್ಪಷ್ಟವಾಗಿ ವಿಧಿಸಿದೆ. ಅಂದಮೇಲೆ ನಾವು ಬೇಡುವುದು ದಾನವನ್ನಲ್ಲ.

ಕದ್ರಿ ಗುಡ್ಡದ ಆಕಾಶವಾಣಿಯು 1976ರಿಂದ ಈ ಜಿಲ್ಲೆಯ ಧ್ವನಿಗಳನ್ನು ಕೇಳಿಸುತ್ತ ಬಂದಿದೆ. ಅಲ್ಲಿ ಧ್ವನಿಮುದ್ರಣದ ಕೊಠಡಿಗಳಿವೆ, ಸಂದರ್ಶನದ ಪರಂಪರೆಯಿದೆ. ಅದೇ ಆವರಣದಲ್ಲಿ ದೂರದರ್ಶನಕ್ಕಾಗಿ ಚಿಕ್ಕದೊಂದು ನಿರ್ಮಾಣ ಘಟಕವನ್ನು ತೆರೆದು, ಮೂರು ಕ್ಯಾಮೆರಾಗಳನ್ನೂ ಸಂಕಲನದ ಮೇಜೊಂದನ್ನೂ ಒದಗಿಸಿ, ಊರಿನಲ್ಲಿಯೇ ತರಬೇತಾದ ಯುವಕ ಯುವತಿಯರನ್ನು ನೇಮಿಸಿಕೊಂಡರೆ, ವಾರಕ್ಕೊಂದು ದೀರ್ಘ ಸಂವಾದವು ಚಂದನ ವಾಹಿನಿಗೆ ಸಿದ್ಧವಾಗುವುದು ಕಷ್ಟವಲ್ಲ. ಹೀಗೆ ಮುದ್ರಿಸಿದುದರ ಒಂದೊಂದು ಪ್ರತಿಯನ್ನು ಮಂಗಳೂರು ವಿಶ್ವವಿದ್ಯಾನಿಲಯದಲ್ಲಿ ಕಾಪಿಡುವ ಏರ್ಪಾಡೂ ಅಗತ್ಯ. ತೆರೆಯ ಮೇಲೆ ಒಮ್ಮೆ ಬಂದುಹೋದುದು ಮತ್ತೆ ದೊರೆಯದಂತಾಗುವುದು ಈವರೆಗಿನ ದುರವಸ್ಥೆ. 1843ರಲ್ಲಿ ಹೊರಟ ‘ಮಂಗಳೂರ ಸಮಾಚಾರ’ವನ್ನು ಇಂದಿಗೂ ಓದಬಹುದು, ಮೊನ್ನೆ ಮೊನ್ನೆಯ ಕೇಬಲ್ ಕಾರ್ಯಕ್ರಮಗಳಲ್ಲಿ ಎಷ್ಟನ್ನು ಇಂದು ನೋಡಲಾದೀತು?

ಜಿಲ್ಲೆಯನ್ನು ಪ್ರತಿನಿಧಿಸುವ ಲೋಕಸಭಾ ಸದಸ್ಯರು ಈ ಬೇಡಿಕೆಯನ್ನು ಪ್ರಸಾರಭಾರತಿಯ ಮಂಡಳಿಯ ಮುಂದೆ ಲಿಖಿತವಾಗಿ ಇಡಬೇಕು. ಅದರೊಡನೆ, ಎಂಬತ್ತು ದಾಟಿದ ಯಾರುಯಾರನ್ನು ಮೊದಲು ಮಾತನಾಡಿಸಬೇಕೆಂಬ ಪಟ್ಟಿಯೊಂದನ್ನು ತುಳು, ಕೊಂಕಣಿ, ಬ್ಯಾರಿ ಅಕಾಡೆಮಿಗಳು ಕೂಡಿ ಕುಳಿತು ಈ ಮಳೆಗಾಲ ಮುಗಿಯುವುದರೊಳಗೆ ಸಿದ್ಧಪಡಿಸಲಿ.